ಮುಚ್ಚಿದ ಪಟ್ಟಿಗೊಂದು ಗಡುವು ಬೇಕು

ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿ ಹಂಚುವ ಡೆಬಿಯನ್ ಯೋಜನೆ 2005ರಲ್ಲಿ ಒಂದು ಮಾತು ಕೊಟ್ಟಿತು. 2016ರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ನಡುವಿನ ಹನ್ನೊಂದು ವರ್ಷಗಳಲ್ಲಿ ಅದು ಜಾರಿಗೆ ಬರಲೇ ಇಲ್ಲ. ಸಂಬಳದ ಹಂಗಿಲ್ಲದೆ ದುಡಿಯುವ ಸುಮಾರು ಸಾವಿರ ಮಂದಿಯ ಈ ಬಳಗ ಮುಕ್ತ ತಂತ್ರಾಂಶ ಲೋಕದಲ್ಲಿ ನೇಮನಿಷ್ಠೆಗೆ ಹೆಸರಾದದ್ದು. ಅದಕ್ಕೆ ಲಿಖಿತ ಸಂವಿಧಾನವಿದೆ, ಚುನಾವಣೆಯಿದೆ, ಠರಾವುಗಳ ಮೇಲೆ ಮತ ಹಾಕುವ ಕಟ್ಟುನಿಟ್ಟಾದ ಕ್ರಮವಿದೆ. ಅಂಥ ಸಂಸ್ಥೆಯೇ ಬಾಗಿಲು ತೆರೆಯುತ್ತೇನೆಂದು ಹೇಳಿ ತೆರೆಯದೆ ಉಳಿಯಿತೆಂದರೆ, ಸಂವಿಧಾನವೂ ಇಲ್ಲದ ಚುನಾವಣೆಯೂ ಇಲ್ಲದ ಉಳಿದ ನೂರಾರು ಬಳಗಗಳ ಮುಚ್ಚಿದ ಬಾಗಿಲುಗಳ ಹಿಂದೆ ಏನು ನಡೆಯುತ್ತಿದೆ ಎಂದು ಕೇಳಲೇಬೇಕಾಗುತ್ತದೆ.

ಸಂಗತಿ ಇದು. ಡೆಬಿಯನ್‌ನಲ್ಲಿ ಸದಸ್ಯರಷ್ಟೇ ಓದಬಲ್ಲ ಮೇಲಿಂಗ್ ಲಿಸ್ಟ್, ಅಂದರೆ ಇಮೇಲ್ ಚರ್ಚಾಪಟ್ಟಿ ಒಂದಿದೆ. ಅದರ ಹೆಸರೇ ಡೆಬಿಯನ್-ಪ್ರೈವೇಟ್. ರಜೆಯ ಮೇಲೆ ಹೋಗುವವರು ಹೇಳಿಹೋಗಲು, ವ್ಯಕ್ತಿಗಳಿಗೆ ಸಂಬಂಧಿಸಿದ ಸೂಕ್ಷ್ಮ ವಿಷಯ ಮಾತಾಡಲು ಇರುವ ಜಾಗ. ಅಲ್ಲಿ ಅಷ್ಟೇ ನಡೆಯುವುದಿಲ್ಲ ಎಂಬುದು ಸದಸ್ಯರಿಗೇ ಗೊತ್ತಿತ್ತು. ಯೋಜನೆಯ ದಾರಿಯನ್ನು ತಿದ್ದಿದ ಚರ್ಚೆಗಳೂ ಅಲ್ಲಿ ಸೇರಿಕೊಂಡಿದ್ದವು. ಹಾಗಾಗಿಯೇ 2005ರ ಠರಾವು ಬಂತು. ಮೂರು ವರ್ಷಕ್ಕಿಂತ ಹಳೆಯ ಪತ್ರಗಳಲ್ಲಿ ಚಾರಿತ್ರಿಕ ಮಹತ್ವ ಉಳ್ಳವನ್ನು ಬಹಿರಂಗಪಡಿಸಬೇಕು ಎಂದು ಅದು ಹೇಳಿತು. ಹಾಗೆಂದು ಕಣ್ಣುಮುಚ್ಚಿ ಬಾಗಿಲು ತೆರೆಯುವ ಠರಾವಾಗಿರಲಿಲ್ಲ ಅದು. ಪತ್ರ ಬರೆದವರಿಗೂ ಅದರಲ್ಲಿ ಉಲ್ಲೇಖಗೊಂಡವರಿಗೂ ತಿಳಿಸಿ, ಅಭಿಪ್ರಾಯ ಹೇಳಲು ನಾಲ್ಕರಿಂದ ಎಂಟು ವಾರ ಕಾಲಾವಕಾಶ ಕೊಡಬೇಕಿತ್ತು. ಬರೆದವರು ಬೇಡವೆಂದರೆ ಆ ಪತ್ರ ಹೊರಬರುತ್ತಿರಲಿಲ್ಲ. ಹಣಕಾಸಿನ ಖಾಸಗಿ ವಿವರಗಳನ್ನು ತೆಗೆದುಹಾಕಬೇಕಿತ್ತು. ಪ್ರಕಟಣೆಗೆ ಎರಡು ವಾರ ಮುಂಚೆ, ಹೊರಬರಲಿರುವ ಪತ್ರಗಳ ಯಾದಿಯನ್ನು ಎಲ್ಲ ಸದಸ್ಯರ ಮುಂದಿಡಬೇಕಿತ್ತು. ಇಷ್ಟು ಎಚ್ಚರದಿಂದ ಬರೆದ ನಿಯಮ ಈ ವಲಯದಲ್ಲಿ ಅಪರೂಪ.

ಆದರೆ ಆ ಕೆಲಸಕ್ಕೆ ಕೈಹಾಕುವವರು ಸಿಗಲಿಲ್ಲ. ಹತ್ತಾರು ಸಾವಿರ ಪತ್ರಗಳನ್ನು ಓದಿ, ಬರೆದವರನ್ನು ಹುಡುಕಿ, ಒಬ್ಬೊಬ್ಬರನ್ನೂ ಕೇಳಿ, ಉತ್ತರಕ್ಕೆ ಕಾಯುವುದು ಬೇಸರದ ಕೆಲಸ. ಸ್ವಯಂಸೇವಕರು ತಮಗೆ ಹುರುಪು ಇರುವ ಕೆಲಸಕ್ಕೆ ಬರುತ್ತಾರೆ. ಇದಕ್ಕೆ ಯಾರೂ ಬರಲಿಲ್ಲ. ಕೊನೆಗೆ 2016ರಲ್ಲಿ ಸದಸ್ಯರು ಮತ ಹಾಕಿ ಹಳೆಯ ಠರಾವನ್ನೇ ರದ್ದುಮಾಡಿದರು. ಖಾಸಗಿ ಪಟ್ಟಿ ಖಾಸಗಿಯಾಗಿಯೇ ಉಳಿಯುತ್ತದೆ ಎಂದು ಒಪ್ಪಿಕೊಂಡರು. ಬಹಿರಂಗ ಮಾಡಬಾರದ ವಿಷಯಕ್ಕಷ್ಟೇ ಆ ಪಟ್ಟಿಯನ್ನು ಬಳಸಿ ಎಂದು ಜೊತೆಗೊಂದು ಸಲಹೆ ಸೇರಿಸಿದರು.

ಈ ರದ್ದತಿಯಲ್ಲಿ ಒಂದು ನ್ಯಾಯವಿದೆ, ಅದನ್ನು ಮರೆಮಾಚುವುದಿಲ್ಲ. ಗುಟ್ಟು ಉಳಿಯುತ್ತದೆಂದು ನಂಬಿ ಬರೆದವರ ಮಾತನ್ನು ವರ್ಷಗಳ ನಂತರ ಬಯಲಿಗೆ ತರುವುದು ನಂಬಿಕೆದ್ರೋಹವಾಗಬಹುದು. ಆದರೆ ಅದು ಹಳೆಯ ಪತ್ರಗಳಿಗೆ ಅನ್ವಯಿಸುವ ವಾದ. 2005ರ ಠರಾವಿನ ನಂತರ ಬರೆದವರಿಗೆ ಮೂರು ವರ್ಷದ ನಿಯಮ ಗೊತ್ತೇ ಇತ್ತು. ಮುಂದೆ ಬರೆಯಲಿರುವವರಿಗಂತೂ ಅದನ್ನು ಹೇಳಿಯೇ ಬರೆಯಿಸಬಹುದಿತ್ತು. ಇಂಥ ದಿನಾಂಕದಿಂದ ಈಚೆಗಿನ ಪತ್ರಗಳನ್ನು ಮೂರು ವರ್ಷದ ಬಳಿಕ ಪರಿಶೀಲಿಸುತ್ತೇವೆ, ಪ್ರತಿಯೊಬ್ಬರೂ ಅದನ್ನು ತಿಳಿದೇ ಬರೆಯಿರಿ ಎಂಬ ಒಂದು ಸಾಲು ಸಾಕಿತ್ತು. ಆ ಸಾಲನ್ನು ಬರೆಯದೆ ಕಟ್ಟಳೆಯನ್ನೇ ಕಿತ್ತುಹಾಕಿದ್ದು ತಪ್ಪು. ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ ಎಂದು 1997ರ ತನ್ನ ಸಾಮಾಜಿಕ ಒಪ್ಪಂದದಲ್ಲಿ ಬರೆದುಕೊಂಡ, ದೋಷಗಳ ದಾಖಲೆಯನ್ನು ಸದಾ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿರುವ ಸಂಸ್ಥೆಗೆ ಇದು ಶೋಭೆ ತರಲಿಲ್ಲ.

ನಮ್ಮ ನಿಲುವನ್ನು ನೇರವಾಗಿ ಹೇಳುತ್ತೇವೆ. ಸ್ವಯಂಸೇವಕರ ತಂತ್ರಾಂಶ ಬಳಗಗಳಲ್ಲಿ ಆಹ್ವಾನಿತರಿಗಷ್ಟೇ ತೆರೆದ ಚರ್ಚಾಪಟ್ಟಿ ಇರಬಾರದೆಂದು ನಾವು ಹೇಳುತ್ತಿಲ್ಲ. ಅದು ಯಾವ ವಿಷಯಕ್ಕೆ ಎಂದು ಬರೆದಿಟ್ಟಿರಬೇಕು, ಯಾರು ಒಳಗಿದ್ದಾರೆ ಎಂದು ಹೊರಗಿನವರಿಗೆ ಗೊತ್ತಿರಬೇಕು, ಗುಟ್ಟು ಯಾವ ದಿನಕ್ಕೆ ಮುಗಿಯುತ್ತದೆ ಎಂದು ಮೊದಲೇ ನಿಗದಿಯಾಗಿರಬೇಕು. ಈ ಮೂರಿಲ್ಲದ ಮುಚ್ಚಿದ ಪಟ್ಟಿ ಅಧಿಕಾರದ ಕೂಟ. ಅದನ್ನು ಮುಚ್ಚಬೇಕು.

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಕಂಪನಿಯಲ್ಲಿ ಕೆಲಸ ಮಾಡುವವರಿಗೆ ತೀರ್ಮಾನ ಎಲ್ಲಿ ಆಯಿತೆಂದು ಗೊತ್ತಾಗದಿದ್ದರೂ ತಿಂಗಳ ಕೊನೆಗೆ ಸಂಬಳ ಬರುತ್ತದೆ. ರಾತ್ರಿ ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ಯಾರೂ ಹೇಳದ ಕೆಲಸಕ್ಕೆ ಕೂತು ಒಂದು ಪ್ಯಾಚ್, ಅಂದರೆ ಕೋಡ್‌ಗೆ ತಿದ್ದುಪಡಿ, ಬರೆದು ಕಳಿಸುವವರಿಗೆ ಪ್ರತಿಫಲ ಅಂತ ಇರುವುದು ಒಂದೇ: ತನ್ನ ಮಾತೂ ಲೆಕ್ಕಕ್ಕಿದೆ ಎಂಬ ಭರವಸೆ. ಪ್ಯಾಚ್ ತಿರಸ್ಕೃತವಾದರೆ ಬೇಸರವಾಗುತ್ತದೆ, ಆದರೆ ಯಾಕೆಂದು ಓದಿ ತಿಳಿದುಕೊಂಡರೆ ಮತ್ತೆ ಬರೆಯುತ್ತಾರೆ. ಅದು ಎಲ್ಲಿ, ಯಾರಿಂದ, ಯಾವ ಕಾರಣಕ್ಕೆ ತಿರಸ್ಕೃತವಾಯಿತೆಂದೇ ತಿಳಿಯದಿದ್ದಾಗ ಅವರು ಜಗಳವಾಡುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾರೆ. ಮುಚ್ಚಿದ ಪಟ್ಟಿಯೊಳಗೆ ಕೂತವರಿಗೆ ಆ ನಷ್ಟ ಕಾಣುವುದೂ ಇಲ್ಲ.

ಇದು ಊಹೆಯಲ್ಲ, ಚರಿತ್ರೆಯೇ ಇದೆ. 1990ರ ದಶಕದ ನಡುವಿನ ಜಿಸಿಸಿ ಕಂಪೈಲರ್‌ನ ಕಥೆ ನೋಡಿ. ಜಗತ್ತಿನ ಅರ್ಧ ಮುಕ್ತ ತಂತ್ರಾಂಶ ಅದನ್ನೇ ನೆಚ್ಚಿಕೊಂಡಿತ್ತು. ಆದರೆ ಅಭಿವೃದ್ಧಿಯ ಚರ್ಚೆ ಆಯ್ದ ಕೆಲವರ ಪಟ್ಟಿಯಲ್ಲಿ ನಡೆಯುತ್ತಿತ್ತು, ನಡುವಿನ ಆವೃತ್ತಿಗಳು ಹೊರಗಿನವರ ಕೈಗೆ ಸಿಗುತ್ತಿರಲಿಲ್ಲ. ಹೊರಗಿನವರು ಕಳಿಸಿದ ಸುಧಾರಣೆಗಳು ಸೇರುತ್ತವೋ ಇಲ್ಲವೋ ತಿಳಿಯದೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಪ್ರೋಗ್ರಾಮರ್ ಎರಿಕ್ ರೇಮಂಡ್ 1997ರ ಮೇ ತಿಂಗಳಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ಓದಿದ ಕ್ಯಾಥೆಡ್ರಲ್ ಮತ್ತು ಬಜಾರ್ ಪ್ರಬಂಧದಲ್ಲಿ, ಮುಚ್ಚಿದ ಮನೆಯೊಳಗೆ ಕಟ್ಟುವ ಪದ್ಧತಿಗೆ ಕೊಟ್ಟ ಉದಾಹರಣೆ ಯಾವುದೋ ವಾಣಿಜ್ಯ ಕಂಪನಿಯದಾಗಿರಲಿಲ್ಲ. ಮುಕ್ತ ತಂತ್ರಾಂಶದ್ದೇ ಆದ ಗ್ನೂ ಇಮ್ಯಾಕ್ಸ್ ಮತ್ತು ಜಿಸಿಸಿ. ಪರವಾನಗಿ ಮುಕ್ತವಾಗಿದ್ದ ಮಾತ್ರಕ್ಕೆ ಕೆಲಸ ಮುಕ್ತವಾಗಿರುವುದಿಲ್ಲ ಎಂಬುದನ್ನು ಅಂದಿನವರು ಅಷ್ಟು ಸ್ಪಷ್ಟವಾಗಿ ಕಂಡಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬೇಸತ್ತವರು ಇಜಿಸಿಎಸ್ ಎಂಬ ಕವಲು ತೆಗೆದರು. ತೆರೆದ ಪಟ್ಟಿ, ಎಲ್ಲರಿಗೂ ಕಾಣುವ ಕೋಡ್, ಎಲ್ಲರ ಮುಂದೆ ವಾದ. 1999ರ ಏಪ್ರಿಲ್‌ನಲ್ಲಿ ಆ ಕವಲೇ ಅಧಿಕೃತ ಜಿಸಿಸಿ ಆಯಿತು. ಇಪ್ಪತ್ತು ತಿಂಗಳಲ್ಲಿ ಮೂಲವನ್ನು ಕವಲು ನುಂಗಿಹಾಕಿತು.

ಎಕ್ಸ್‌ಫ್ರೀ86ರ ಕತೆ ಇನ್ನೂ ನೋವಿನದು, ಯಾಕೆಂದರೆ ಅಲ್ಲಿ ಮೂಲ ಉಳಿಯಲೇ ಇಲ್ಲ. ಲಿನಕ್ಸ್ ಮತ್ತು ಬಿಎಸ್‌ಡಿ ಯಂತ್ರಗಳ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುತ್ತಿದ್ದ ತಂತ್ರಾಂಶ ಅದು. 1992ರಿಂದ ದಶಕದಾಚೆಗೂ ಅದೇ ಎಲ್ಲರಿಗೆ ಗತಿ. ನಿರ್ಧಾರವೆಲ್ಲ ಕೋರ್ ಟೀಮ್ ಎಂಬ ಒಳಗುಂಪಿನ ಕೈಯಲ್ಲಿ. 2003ರ ಮಾರ್ಚ್‌ನಲ್ಲಿ ಆ ಗುಂಪು ತನ್ನದೇ ಸದಸ್ಯ ಕೀತ್ ಪ್ಯಾಕರ್ಡ್ ಅವರನ್ನು ಹೊರಹಾಕಿತು. ಅವರು ಯಾರಿಗೂ ಹೇಳದೆ ಬೇರೆಯವರ ಜೊತೆ ಸೇರಿ ಕವಲೊಡೆಯುವ ಯತ್ನದಲ್ಲಿದ್ದಾರೆ ಎಂಬುದು ಆರೋಪ. ಇಲ್ಲಿ ಎರಡೂ ಕಡೆಯವರನ್ನು ಗಮನಿಸಿ. ಭಿನ್ನಮತ ಇದ್ದವರು ಗುಟ್ಟಾಗಿ ಮಾತಾಡಿಕೊಂಡರು, ಏಕೆಂದರೆ ಬಹಿರಂಗವಾಗಿ ಮಾತಾಡಲು ಜಾಗವೇ ಇರಲಿಲ್ಲ. ಅಧಿಕಾರದಲ್ಲಿದ್ದವರು ಗುಟ್ಟಾಗಿಯೇ ಶಿಕ್ಷೆ ತೀರ್ಮಾನಿಸಿದರು, ಏಕೆಂದರೆ ಅವರಿಗೆ ರೂಢಿಯಾದ ದಾರಿ ಅದೊಂದೇ. ಒಳಗುಂಪು ಇರುವ ಕಡೆ ಅದಕ್ಕೆದುರಾಗಿ ಇನ್ನೊಂದು ಒಳಗುಂಪು ಹುಟ್ಟುತ್ತದೆ, ಮೂರನೆಯವರಿಗೆ ಸಿಗುವುದು ಗಾಳಿಮಾತು ಮಾತ್ರ.

ಆಮೇಲೆ ಎಲ್ಲವೂ ಬೇಗ ಬೇಗ ಮುಗಿದುಹೋಯಿತು. 2003ರ ಡಿಸೆಂಬರ್ ಕೊನೆಯಲ್ಲಿ ಕೋರ್ ಟೀಮ್ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಮರು ವರ್ಷದ ಆರಂಭದಲ್ಲಿ ಪರವಾನಗಿ ಬದಲಾಯಿತು. ಹೊಸ ಷರತ್ತು ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಗೆ ಹೊಂದುವುದಿಲ್ಲವೆಂದು ಲಿನಕ್ಸ್ ಹಂಚುವ ದೊಡ್ಡ ದೊಡ್ಡ ಡಿಸ್ಟ್ರೋಗಳು 4.4 ಆವೃತ್ತಿಯನ್ನು ಮುಟ್ಟಲೇ ಇಲ್ಲ. ಅಷ್ಟರಲ್ಲಿ, 2004ರ ಜನವರಿಯಲ್ಲೇ, ಎಕ್ಸ್.ಆರ್ಗ್ ಪ್ರತಿಷ್ಠಾನ ರೂಪುಗೊಂಡಿತ್ತು. ಏಪ್ರಿಲ್‌ನಲ್ಲಿ ಅದರ ಮೊದಲ ಬಿಡುಗಡೆ ಬಂತು. ಡೆಬಿಯನ್, ರೆಡ್ ಹ್ಯಾಟ್, ಸೂಸೆ, ಎಲ್ಲರೂ ಅತ್ತ ಹೊರಳಿದರು. ಜಗತ್ತೇ ಬಳಸುತ್ತಿದ್ದ ಒಂದು ತಂತ್ರಾಂಶ ಹೇಳಹೆಸರಿಲ್ಲದಂತಾಯಿತು. ಪರವಾನಗಿಯೇ ಕಾರಣ ಎಂದು ಹಲವರು ಬರೆದಿದ್ದಾರೆ. ಪರವಾನಗಿ ಕೊನೆಯ ಪೆಟ್ಟು ಕೊಟ್ಟಿತು, ನಿಜ. ಆದರೆ ಅದಕ್ಕೂ ಮುಂಚೆ ಕೊಡುಗೆದಾರರು ಮನಸ್ಸಿನಲ್ಲೇ ಎದ್ದು ಹೋಗಿದ್ದರು. ತಮ್ಮ ಮಾತು ನಡೆಯುವ ಜಾಗ ಅದಲ್ಲವೆಂದು ಅರಿತವರಿಗೆ ಬಿಟ್ಟುಹೋಗಲು ಒಂದು ನೆಪ ಸಾಕಾಗಿತ್ತು.

ಇಷ್ಟು ಹೇಳಿದ ಮೇಲೆ ಎದುರುವಾದವನ್ನು ಕೇಳಿಸಿಕೊಳ್ಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ತೆರೆದ ಚರ್ಚೆ ಮನುಷ್ಯರನ್ನು ಗಾಯಗೊಳಿಸುತ್ತದೆ.

2013ರ ಅಕ್ಟೋಬರ್‌ನಿಂದ 2014ರ ಫೆಬ್ರವರಿವರೆಗೆ ಡೆಬಿಯನ್‌ನ ತಾಂತ್ರಿಕ ಸಮಿತಿ ಒಂದು ಪ್ರಶ್ನೆ ಬಿಡಿಸಲು ಹೆಣಗಿತು. ಯಂತ್ರ ಶುರುವಾದಾಗ ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಕೆಲಸಕ್ಕೆ ಸಿಸ್ಟಮ್‌ಡಿ ಬೇಕೋ, ಅಪ್‌ಸ್ಟಾರ್ಟ್ ಬೇಕೋ, ಹಳೆಯದೇ ಸಾಕೋ? ಸಮಿತಿಯ ಚರ್ಚೆ ಬಹಿರಂಗವಾಗಿಯೇ ನಡೆಯಬೇಕೆಂದು ಡೆಬಿಯನ್ ಸಂವಿಧಾನ ವಿಧಿಸುತ್ತದೆ. ಹೊಸ ಸದಸ್ಯರ ನೇಮಕಾತಿಯ ಮಾತುಕತೆಗಷ್ಟೇ ವಿನಾಯಿತಿ. ಹಾಗಾಗಿ 727708 ಸಂಖ್ಯೆಯ ದೋಷವರದಿಯಲ್ಲಿ ಪ್ರತಿ ವಾದ, ಪ್ರತಿ ತಿದ್ದುಪಡಿ, ಪ್ರತಿ ಸಿಡುಕು ಇಂದಿಗೂ ಯಾರು ಬೇಕಾದರೂ ಓದಬಹುದಾದಂತೆ ಉಳಿದಿದೆ. ಎಂಟು ಮಂದಿಯ ಸಮಿತಿ ನಾಲ್ಕು ನಾಲ್ಕಾಗಿ ಒಡೆಯಿತು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಹೊರಗಿನಿಂದ ಬಂದು ಬೈದವರಿಗೆ ಲೆಕ್ಕವಿಲ್ಲ. ಆ ವರ್ಷದ ನವೆಂಬರ್ ಹೊತ್ತಿಗೆ ಸಮಿತಿಯ ಮೂವರು ರಾಜೀನಾಮೆ ಕೊಟ್ಟಿದ್ದರು. ಅವರು ಸೋತು ಬಿಟ್ಟವರಷ್ಟೇ ಅಲ್ಲ, ಗೆದ್ದ ಕಡೆಯವರೂ ದಣಿದು ಹೊರಟರು.

ಹಾಗಾದರೆ ಅದನ್ನು ಮುಚ್ಚಿದ ಕೋಣೆಯಲ್ಲಿ ಮಾಡಬೇಕಿತ್ತೇ? ಖಂಡಿತ ಇಲ್ಲ. ಆ ನಿರ್ಧಾರವನ್ನು ಇವತ್ತು ಒಪ್ಪದವರೂ ಅದು ಹೇಗೆ ಆಯಿತೆಂದು ಸಾಲುಸಾಲಾಗಿ ಓದಬಲ್ಲರು. ಯಾವ ಕಂಪನಿ ಯಾರ ಕಿವಿ ಕಚ್ಚಿತು ಎಂಬ ಅನುಮಾನಕ್ಕೆ ದಾಖಲೆಯೇ ಉತ್ತರ ಕೊಡುತ್ತದೆ. ಅದೇ ಮಾತುಕತೆ ಡೆಬಿಯನ್-ಪ್ರೈವೇಟ್‌ನಲ್ಲಿ ನಡೆದು ಫಲಿತಾಂಶವಷ್ಟೇ ಹೊರಬಂದಿದ್ದರೆ, ನಾಲ್ಕು ನಾಲ್ಕು ಮತದ ತೀರ್ಮಾನವನ್ನು ಯಾವ ಸೋತವನೂ ನಂಬುತ್ತಿರಲಿಲ್ಲ. ಜನರನ್ನು ಬೈಗುಳದಿಂದ ಕಾಪಾಡಬೇಕಾದದ್ದು ನಡವಳಿಕೆಯ ನಿಯಮದಿಂದ, ಪಟ್ಟಿಯ ಮೇಲ್ವಿಚಾರಕರ ಗಟ್ಟಿತನದಿಂದ. ಬೈಯುವವರನ್ನು ಹೊರಹಾಕುವ ಧೈರ್ಯವಿಲ್ಲದೆ ಎಲ್ಲರನ್ನೂ ಹೊರಗಿಡುವುದು ಹೊಣೆಗೇಡಿತನ.

ಒಂದು ವ್ಯತ್ಯಾಸ ಇಲ್ಲಿ ಗುರುತಿಸಬೇಕು. ಡೆಬಿಯನ್ 2022ರಲ್ಲಿ ಠರಾವುಗಳ ಮೇಲೆ ಯಾರು ಯಾವ ಮತ ಹಾಕಿದರೆಂಬುದನ್ನು ಗುಟ್ಟಾಗಿಡಲು ತೀರ್ಮಾನಿಸಿತು. ಲೆಕ್ಕ ಸರಿಯೇ ಎಂದು ಪರಿಶೀಲಿಸುವ ದಾರಿಯನ್ನು ಉಳಿಸಿಕೊಂಡಿತು. ಅದರ ಹಿಂದಿನ ವರ್ಷ, ಮುಕ್ತ ತಂತ್ರಾಂಶ ಚಳವಳಿಯ ಸ್ಥಾಪಕ ರಿಚರ್ಡ್ ಸ್ಟಾಲ್ಮನ್ ಕುರಿತ ಠರಾವಿನಲ್ಲಿ ಹೆಸರು ಸಮೇತ ಮತ ಬಹಿರಂಗವಾಗುವ ಭಯ ಹಲವರನ್ನು ಕಾಡಿತ್ತು. ಗುಪ್ತ ಮತದಾನವನ್ನು ನಾವು ಒಪ್ಪುತ್ತೇವೆ. ಅದು ಒಬ್ಬಂಟಿ ವ್ಯಕ್ತಿಯನ್ನು ಗುಂಪಿನ ಒತ್ತಡದಿಂದ ಕಾಯುತ್ತದೆ. ಮುಚ್ಚಿದ ಚರ್ಚೆ ಕಾಯುವುದು ಗುಂಪನ್ನು, ಒಬ್ಬಂಟಿಯ ಪ್ರಶ್ನೆಯಿಂದ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಇನ್ನು ಭದ್ರತೆ. ಮುಚ್ಚಿದ ಪಟ್ಟಿಗಳ ಪರ ಇರುವ ಗಟ್ಟಿ ವಾದ ಇದೇ, ಮತ್ತು ಈ ವಿಷಯದಲ್ಲಿ ತಕ್ಕ ಪರಿಹಾರವೂ ಈಗಾಗಲೇ ಕಣ್ಣೆದುರಿಗಿದೆ. ಕೋಡ್‌ನಲ್ಲಿ ಕಳ್ಳ ನುಸುಳುವಷ್ಟು ದೊಡ್ಡ ತೂತು ಸಿಕ್ಕಿದೆ, ಇನ್ನೂ ಮುಚ್ಚಿಲ್ಲ. ಅದನ್ನು ಊರಿಗೆಲ್ಲ ಸಾರಿದರೆ ಬಳಕೆದಾರರೇ ಬಲಿ. ಹಾಗಾಗಿ ಸರಿಪಡಿಸುವವರಷ್ಟೇ ಮೊದಲು ಮಾತಾಡಿಕೊಳ್ಳಬೇಕು. ಲಿನಕ್ಸ್ ಮತ್ತಿತರ ವ್ಯವಸ್ಥೆಗಳನ್ನು ಹಂಚುವವರಿಗೆ ವೆಂಡರ್-ಸೆಕ್ ಎಂಬ ಗುಪ್ತ ಪಟ್ಟಿಯೊಂದಿತ್ತು. ವರ್ಷಗಟ್ಟಲೆ ನಡೆದ ಆ ಪಟ್ಟಿಯ ಸರ್ವರ್‌ಗೇ ಕಳ್ಳ ನುಗ್ಗಿದ್ದು 2011ರ ಮಾರ್ಚ್‌ನಲ್ಲಿ ಬಯಲಾಯಿತು. ಎಲ್ಲರ ಗುಟ್ಟುಗಳನ್ನೂ ಒಂದೆಡೆ ಪೇರಿಸಿಟ್ಟ ಕೊಠಡಿಗಿಂತ ಕಳ್ಳನಿಗೆ ಪ್ರಿಯವಾದ ಜಾಗ ಇನ್ನೊಂದಿಲ್ಲ. ಆ ಪಟ್ಟಿ ಅಲ್ಲಿಗೇ ಮುಗಿಯಿತು.

ಅದರ ಜಾಗದಲ್ಲಿ ಬಂದ ಲಿನಕ್ಸ್-ಡಿಸ್ಟ್ರೋಸ್ ಪಟ್ಟಿಯನ್ನು ನಾವು ಮಾದರಿ ಎನ್ನುತ್ತೇವೆ. ಅದೂ ಮುಚ್ಚಿದ ಪಟ್ಟಿಯೇ. ಆದರೆ ಯಾವ ಯಾವ ಡಿಸ್ಟ್ರೋ ಸದಸ್ಯ ಎಂಬುದು ಬಹಿರಂಗ. ಸದಸ್ಯರಾಗಲು ಏನೇನು ಅರ್ಹತೆ ಬೇಕೆಂಬುದು ಬಹಿರಂಗ. ಒಳಗೆ ಬಂದ ವಿಷಯವನ್ನು 14 ದಿನಕ್ಕಿಂತ ಹೆಚ್ಚು ಗುಟ್ಟಾಗಿಡುವಂತಿಲ್ಲ. ಏಳು ದಿನದೊಳಗೆ ಮುಗಿದರೆ ಇನ್ನೂ ಒಳ್ಳೆಯದು. ಗಡುವು ಮುಗಿದ ದಿನ ವಿಷಯ ಓಎಸ್‌ಎಸ್-ಸೆಕ್ಯುರಿಟಿ ಎಂಬ ತೆರೆದ ಪಟ್ಟಿಗೆ ಬಂದೇ ತೀರಬೇಕು. ಹದಿನಾಲ್ಕು ದಿನ, ಅಷ್ಟೇ. ಲಕ್ಷಾಂತರ ಯಂತ್ರಗಳ ಸುರಕ್ಷತೆ ತೂಗುತ್ತಿರುವಾಗಲೇ ಎರಡು ವಾರ ಸಾಕೆನ್ನುವವರ ಎದುರು, ಮುಂದಿನ ಆವೃತ್ತಿಯ ಹೆಸರೇನಿಡಬೇಕು, ಯಾರಿಗೆ ಕಮಿಟ್ ಹಕ್ಕು, ಅಂದರೆ ಕೋಡ್ ಭಂಡಾರಕ್ಕೆ ನೇರವಾಗಿ ಬರೆಯುವ ಹಕ್ಕು ಕೊಡಬೇಕು ಎಂಬಂಥ ಮಾತನ್ನು ಶಾಶ್ವತವಾಗಿ ಬೀಗ ಹಾಕಿ ಇಡುವವರು ಯಾವ ಮುಖ ಹೊತ್ತು ನಿಲ್ಲುತ್ತಾರೆ?

ಗಡುವು ಉದ್ದವಾದರೆ ಏನಾಗುತ್ತದೆಂದು 2018ರ ಹೊಸ ವರ್ಷದ ವಾರ ತೋರಿಸಿಕೊಟ್ಟಿತು. ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ಲೋಪಗಳು ಇಂಟೆಲ್ ಮುಂತಾದವರಿಗೆ 2017ರ ಜೂನ್‌ನಲ್ಲೇ ತಿಳಿದಿದ್ದವು. ಏಳು ತಿಂಗಳು ಆಯ್ದ ಕಂಪನಿಗಳ ನಡುವೆ ಗುಟ್ಟು ನಡೆಯಿತು. ಅದರ ಪರಿಹಾರವಾದ ಪ್ಯಾಚ್‌ಗಳನ್ನು ಮಾತ್ರ ಲಿನಕ್ಸ್ ಕರ್ನಲ್‌ನ ತೆರೆದ ಪಟ್ಟಿಗೆ ಕಳಿಸಲೇಬೇಕಿತ್ತು, ಏಕೆಂದರೆ ಕರ್ನಲ್‌ನ ಕೆಲಸ ನಡೆಯುವುದು ಅಲ್ಲೇ. ಕಾರಣವನ್ನು ಹೇಳದೆ ಪ್ಯಾಚ್ ಕಳಿಸಿದರು. ಯಂತ್ರವನ್ನು ನಿಧಾನಗೊಳಿಸುವ ಇಷ್ಟು ದೊಡ್ಡ ಬದಲಾವಣೆಯನ್ನು ಇಷ್ಟು ಅವಸರದಲ್ಲಿ ಯಾಕೆ ಸೇರಿಸುತ್ತಿದ್ದಾರೆ ಎಂದು ನೋಡುತ್ತಿದ್ದವರಿಗೆ ಅನುಮಾನ ಬಂತು. ಡಿಸೆಂಬರ್ ಕೊನೆಯ ವಾರ ಎಎಂಡಿಯ ಎಂಜಿನಿಯರ್ ಒಬ್ಬರು, ತಮ್ಮ ಪ್ರೊಸೆಸರ್‌ಗಳಿಗೆ ಈ ರಕ್ಷಣೆ ಬೇಕಿಲ್ಲ ಎಂಬ ಪುಟ್ಟ ಪ್ಯಾಚ್ ಕಳಿಸಿ, ಅದರ ವಿವರಣೆಯಲ್ಲಿ ಊಹೆಯ ಮೇಲೆ ಮುಂದಾಗಿ ಮೆಮೊರಿ ಓದುವ ವಿಷಯವನ್ನು ಬರೆದರು. ತಿಳಿದವರಿಗೆ ಅಷ್ಟು ಸುಳಿವು ಸಾಕಾಯಿತು. ಜನವರಿ 2ಕ್ಕೆ ಪತ್ರಿಕೆಯಲ್ಲಿ ಸುದ್ದಿ. ಜನವರಿ 9ಕ್ಕೆ ನಿಗದಿಯಾಗಿದ್ದ ಪ್ರಕಟಣೆಯನ್ನು ಜನವರಿ 3ಕ್ಕೇ ಮಾಡಬೇಕಾಯಿತು.

ಈ ಗುಟ್ಟಿನಿಂದ ಪೆಟ್ಟು ತಿಂದವರು ಯಾರು ಎಂದರೆ ಸ್ವಯಂಸೇವಕರು. ಫ್ರೀಬಿಎಸ್‌ಡಿ ಬಳಗಕ್ಕೆ ವಿಷಯ ತಿಳಿದದ್ದು 2017ರ ಡಿಸೆಂಬರ್ ಕೊನೆಯಲ್ಲಿ. ಓಪನ್‌ಬಿಎಸ್‌ಡಿಯವರಿಗೆ ತಿಳಿಸಿಯೇ ಇರಲಿಲ್ಲ. ದೊಡ್ಡ ಕಂಪನಿಗಳು ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡ ಸಮಸ್ಯೆಯನ್ನು ಇವರು ತರಾತುರಿಯಲ್ಲಿ, ಓಪನ್‌ಬಿಎಸ್‌ಡಿಯವರಂತೂ ಸುದ್ದಿಪುಟ ನೋಡಿಕೊಂಡು ಬಿಡಿಸಬೇಕಾಯಿತು. ಆಹ್ವಾನದ ಪಟ್ಟಿಯಲ್ಲಿ ಯಾರಿರಬೇಕು ಎಂಬುದನ್ನು ಬಳಕೆದಾರರ ಅಗತ್ಯ ನಿರ್ಧರಿಸಲಿಲ್ಲ, ವ್ಯವಹಾರದ ಹತ್ತಿರದ ನಂಟು ನಿರ್ಧರಿಸಿತು. ಮುಚ್ಚಿದ ಪಟ್ಟಿಯ ಮೂಲದೋಷ ಇದು: ಅದು ಅರ್ಹತೆಯ ಹೆಸರಿನಲ್ಲಿ ಶುರುವಾಗಿ ಪರಿಚಯದ ಮೇಲೆ ನಿಲ್ಲುತ್ತದೆ. ಕರ್ನಲ್ ಬಳಗ ಆ ಪಾಠ ಕಲಿತು 2019ರಲ್ಲಿ ಇಂಥ ಹಾರ್ಡ್‌ವೇರ್ ಲೋಪಗಳಿಗೆ ಲಿಖಿತ ಕ್ರಮವೊಂದನ್ನು ತನ್ನ ದಸ್ತಾವೇಜಿಗೆ ಸೇರಿಸಿತು. ಲೋಪಕ್ಕೊಂದು ಪಟ್ಟಿ, ಆಯಾ ಲೋಪಕ್ಕೆ ಬೇಕಾದವರಷ್ಟೇ ಒಳಗೆ. ಅದನ್ನು ಸ್ವಾಗತಿಸುತ್ತೇವೆ.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ 2024ರ ಪ್ರಕರಣವನ್ನು ಎರಡೂ ಕಡೆಯವರು ತಮ್ಮ ತಮ್ಮ ವಾದಕ್ಕೆ ಎಳೆದುಕೊಳ್ಳುತ್ತಾರೆ. ಒಬ್ಬಂಟಿಯಾಗಿ ನಡೆಸುತ್ತಿದ್ದ ನಿರ್ವಾಹಕರ ಮೇಲೆ, ತೆರೆದ ಪಟ್ಟಿಯಲ್ಲೇ, 2022ರಲ್ಲಿ ಅಪರಿಚಿತ ಹೆಸರುಗಳು ಒತ್ತಡ ಹೇರಿದವು: ಕೆಲಸ ನಿಧಾನ, ಬೇರೆಯವರಿಗೆ ಜವಾಬ್ದಾರಿ ಕೊಡಿ. ಹಾಗೆ ಒಳಬಂದ ಸಹನಿರ್ವಾಹಕನ ಹೆಸರಿನಲ್ಲಿ ಎರಡು ವರ್ಷದ ನಂತರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತು. ನೋಡಿ, ತೆರೆದ ಪಟ್ಟಿ ಎಂದರೆ ಇದೇ ಗತಿ ಎನ್ನುವವರಿದ್ದಾರೆ. ಅವರು ಮರೆಯುವ ಸಂಗತಿಯೊಂದಿದೆ. ಹಿಂಬಾಗಿಲಿನ ಬೀಗ ತೆಗೆಯುವ ತುಣುಕು ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಪ್ರತ್ಯೇಕವಾಗಿ ಕಟ್ಟಿದ ಕಡತದಲ್ಲಿ ಮಾತ್ರ ಇತ್ತು. ಹಲವು ಕಣ್ಣುಗಳು ಬೀಳುವ ಜಾಗವನ್ನು ಆ ಕಳ್ಳ ಬೇಕೆಂದೇ ತಪ್ಪಿಸಿದ್ದ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರ್ ಅದನ್ನು ಬೆನ್ನಟ್ಟಿ ಕಂಡುಹಿಡಿದು, ಸಂಬಂಧಪಟ್ಟವರಿಗೆ ಮೊದಲು ಗುಟ್ಟಾಗಿ ತಿಳಿಸಿ, ಮಾರ್ಚ್ 29ರಂದು ತೆರೆದ ಪಟ್ಟಿಗೆ ಎಲ್ಲವನ್ನೂ ಬರೆದರು. ಗುಟ್ಟು ಬೇಕಾದಷ್ಟು ಹೊತ್ತು ಮಾತ್ರ, ಆಮೇಲೆ ಪೂರ್ತಿ ಬಯಲು. ಮಾಡಬೇಕಾದದ್ದು ಹೀಗೆ. ದಣಿದ ನಿರ್ವಾಹಕರನ್ನು ಕಾಡಿದವರ ವಿಷಯಕ್ಕೆ ಬಂದರೆ, ಆ ಪಟ್ಟಿ ಓದುತ್ತಿದ್ದ ಉಳಿದವರು ಸುಮ್ಮನಿದ್ದದ್ದು ನಮಗೆ ಹೆಚ್ಚು ನೋವಿನ ಸಂಗತಿ.

ಅಪಾಚೆ ಬಳಗದ ಕ್ರಮವೂ ಗಮನಾರ್ಹ. ಪಟ್ಟಿಯಲ್ಲಿ ನಡೆಯದ್ದು ನಡೆದೇ ಇಲ್ಲ ಎಂಬುದು ಅಲ್ಲಿನ ರೂಢಿಮಾತು. ಎದುರುಬದುರು ಕೂತು ಮಾತಾಡಿದರೂ, ಫೋನಿನಲ್ಲಿ ತೀರ್ಮಾನವಾದಂತೆ ಕಂಡರೂ, ಅದನ್ನು ಪಟ್ಟಿಗೆ ತಂದು ಮತ ಕೇಳಬೇಕು, ಮತಕ್ಕೆ ಕನಿಷ್ಠ 72 ಗಂಟೆ ಕೊಡಬೇಕು. ಆಕ್ಲೆಂಡ್‌ನಲ್ಲಿ ಬೆಳಗಾದಾಗ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನ; ಒಬ್ಬರಿಗೆ ವಾರಾಂತ್ಯದಲ್ಲಷ್ಟೇ ಬಿಡುವು. ಎಲ್ಲ ಸಮಯವಲಯದ ಸ್ವಯಂಸೇವಕರಿಗೂ ಒಮ್ಮೆ ಓದಿ ಯೋಚಿಸಲು ಸಿಗುವ ಕಾಲ ಅದು. ಪ್ರತಿ ಯೋಜನೆಗೂ ಖಾಸಗಿ ಪಟ್ಟಿ ಇದೆ, ಹೊಸ ಕಮಿಟರ್ ಯಾರಾಗಬೇಕು ಎಂಬಂಥ ವ್ಯಕ್ತಿ ವಿಚಾರ, ಕಾನೂನು, ಮುಚ್ಚದ ಭದ್ರತಾ ಲೋಪ ಇವಕ್ಕೆ. ಕೋಡ್‌ನ ದಿಕ್ಕಿನ ಮಾತು ಅಲ್ಲಿ ಬಂದರೆ ಅದನ್ನು ತೆರೆದ ಪಟ್ಟಿಗೆ ಒಯ್ಯಿರಿ ಎಂದು ಹೇಳುವುದು ಸದಸ್ಯರ ಕರ್ತವ್ಯ. ನಿಯಮ ಇದ್ದರೂ ತಪ್ಪುವವರು ಅಲ್ಲೂ ಇರುತ್ತಾರೆ. ಆದರೆ ತಪ್ಪು ಎಂದು ಹೇಳಲು ಒಂದು ಗೆರೆ ಇದೆ.

ಆ ಗೆರೆ ಇಂದು ಅಳಿಯುತ್ತಿದೆ, ಮತ್ತು ನಮಗೆ ಅತಿ ಹೆಚ್ಚು ಆತಂಕ ತರುವುದು ಇದು. ಹಳೆಯ ಮೇಲಿಂಗ್ ಲಿಸ್ಟ್‌ಗಳ ಮಾತುಕತೆ ಸ್ಲ್ಯಾಕ್, ಡಿಸ್ಕಾರ್ಡ್, ಟೆಲಿಗ್ರಾಮ್, ವಾಟ್ಸ್ಆ್ಯಪ್ ಗುಂಪುಗಳಿಗೆ ಸರಿಯುತ್ತಿದೆ. ಯಾರೂ ಕೂತು ಬಾಗಿಲು ಮುಚ್ಚೋಣ ಎಂದು ತೀರ್ಮಾನಿಸಿಲ್ಲ. ಅನುಕೂಲಕ್ಕೆಂದು ಹೋದರು, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಲಿಂಕ್ ಕಳಿಸಿದವರಷ್ಟೇ ಒಳಗೆ. ಹುಡುಕುಯಂತ್ರಕ್ಕೆ ಸಿಗದ ಮಾತು. ವಾಟ್ಸ್ಆ್ಯಪ್‌ನಲ್ಲಾದರೆ ಫೋನ್ ಬದಲಾಯಿಸಿದಾಗ ಹಳೆಯದು ಮಾಯವಾಗಲೂಬಹುದು. ವೆಂಡರ್-ಸೆಕ್‌ಗೆ ಕನಿಷ್ಠ ಒಂದು ಉದ್ದೇಶವಿತ್ತು. ಇವುಗಳ ಗುಟ್ಟಿಗೆ ಉದ್ದೇಶವೂ ಇಲ್ಲ.

ಕನ್ನಡಕ್ಕೆ ಕೆಲಸ ಮಾಡುವ ಸ್ವಯಂಸೇವಕ ಬಳಗಗಳಿಗೆ ಈ ಮಾತು ನೇರವಾಗಿ ತಟ್ಟುತ್ತದೆ. ನಮ್ಮಲ್ಲಿ ಕೈಗಳು ಕಡಿಮೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಗ್ನೋಮ್‌ಗಳ ಕನ್ನಡ ರೂಪ, ಅಕ್ಷರ ಮೂಡಿಸುವ ಫಾಂಟುಗಳು, ಕೀಲಿಮಣೆ ವಿನ್ಯಾಸಗಳು, ಎಲ್ಲವೂ ಬೆರಳೆಣಿಕೆಯವರ ದುಡಿಮೆ. ಒಬ್ಬರು ನೌಕರಿ ಬದಲಾಯಿಸಿದರೆ, ಒಬ್ಬರು ಊರು ಬಿಟ್ಟರೆ ಕೆಲಸವೇ ನಿಲ್ಲುತ್ತದೆ. ಅಂಥ ಕಡೆ ಲಿಖಿತ ಕಾರಣಗಳೇ ಆಸ್ತಿ. ರ‍್ಯಾಂಕ್ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕೇ ಬೇಕು. ಈ ಕ್ರಮ ಯೂನಿಕೋಡ್ ಗ್ರಂಥದಲ್ಲಿ ಬಹಿರಂಗವಾಗಿ ದಾಖಲಾಗಿರುವುದರಿಂದಲೇ ಹೊಸ ಫಾಂಟ್ ಮಾಡುವ ಹುಡುಗಿ ಯಾರ ಪರಿಚಯವೂ ಇಲ್ಲದೆ ಅದನ್ನು ಓದಿ ಸರಿಯಾಗಿ ಮಾಡಬಲ್ಲಳು. ಅದೇ ತಿಳಿವಳಿಕೆ ಯಾರದೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಉಳಿದಿದ್ದರೆ ಅವಳು ತಪ್ಪು ಮಾಡುತ್ತಿದ್ದಳು, ತಪ್ಪೆಂದು ಹೇಳುವವರೂ ಇರುತ್ತಿರಲಿಲ್ಲ.

ಹೇಗೆ ನಡೆಸಬೇಕೆಂಬುದಕ್ಕೆ ಹೊರಗೆ ನೋಡಬೇಕಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಚರ್ಚೆಗಿರುವ ಪುಟದ ಹೆಸರು ಅರಳಿಕಟ್ಟೆ. ಊರಿನ ಕಟ್ಟೆಯ ಹಾಗೆಯೇ ದಾರಿಹೋಕರೂ ನಿಂತು ಕೇಳಬಹುದು, ಬೇಕಿದ್ದರೆ ಕೂತು ಮಾತಾಡಬಹುದು. ವರ್ಷಗಳ ಹಿಂದಿನ ವಾದವೂ ಅಲ್ಲೇ ಸಂಗ್ರಹದಲ್ಲಿ ಓದಲು ಸಿಗುತ್ತದೆ, ಸೋತವರ ಮಾತು ಸಮೇತ.

ಕನ್ನಡದ ತಂತ್ರಾಂಶ ಗುಂಪುಗಳನ್ನು ನಡೆಸುತ್ತಿರುವವರು ಈ ತಿಂಗಳೇ ಮೂರು ಕೆಲಸ ಮಾಡಬಹುದು. ಗುಂಪಿನಲ್ಲಿ ಒಂದು ಪದವೋ, ಒಂದು ವಿನ್ಯಾಸವೋ, ಒಂದು ಹೊಣೆಯೋ ತೀರ್ಮಾನವಾದ ದಿನವೇ ಅದನ್ನೂ ಅದರ ಕಾರಣವನ್ನೂ ಯಾರು ಬೇಕಾದರೂ ಓದುವ ಜಾಗದಲ್ಲಿ ಬರೆದಿಡಬೇಕು. ಬರೆದಿಟ್ಟು ಮೂರು ದಿನ ಕಳೆಯುವವರೆಗೆ ಅದನ್ನು ಜಾರಿಗೆ ತರಬಾರದು. ಯಾರೊಬ್ಬರ ನಡತೆಯ ದೂರು, ಯಾರದೋ ಆರೋಗ್ಯ, ಮುಚ್ಚದ ಭದ್ರತಾ ಲೋಪ ಇವುಗಳ ಹೊರತು ಬೇರಾವ ಮಾತನ್ನೂ ಆಹ್ವಾನಿತರ ಗುಂಪಿನಲ್ಲಿ ಮುಗಿಸಬಾರದು. ಇದಕ್ಕೆ ಹಣ ಬೇಕಿಲ್ಲ, ಹೊಸ ತಂತ್ರಾಂಶ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.